ಇವಳು ಕೂತು ನೋಡಿದ ಫ್ಲಾರೆನ್ಸ್

ನಮ್ಮ ಮನೆಗೆ ದುಃಖ ಯಾವತ್ತೂ ಒಂಟಿಯಾಗಿ ಬಂದದ್ದಿಲ್ಲ, ಏನಾದರೊಂದು ತಮಾಷೆಯ ಕೈ ಹಿಡಿದುಕೊಂಡೇ ಬರುತ್ತದೆ. ಸರಿಯಾಗಿ ಅಳಬೇಕಾದ ಹೊತ್ತಿಗೆ ಯಾರೋ ಏನೋ ಒಂದು ಮಾಡಿಬಿಡುತ್ತಾರೆ. ಆಮೇಲೆ ಅಳುವುದೋ ನಗುವುದೋ ತಿಳಿಯದೆ ನಾವು ಮುಖ ಮುಖ ನೋಡಿಕೊಳ್ಳುತ್ತೇವೆ. ಹಾಗೆ ಮಾಡುವವಳು ಹೆಚ್ಚಾಗಿ ನನ್ನ ಹೆಂಡತಿಯೇ.

2018ರ ಬೇಸಿಗೆಯಲ್ಲಿ ಡಾಕ್ಟರು ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಇವಳ ಕಾಯಿಲೆ ಸೊಂಟದ ಮೂಳೆಗೂ ಹರಡಿದೆ, ಇನ್ನು ಮದ್ದಿನಿಂದ ನೋವು ಕಡಿಮೆ ಮಾಡಬಹುದು ಅಷ್ಟೇ ಎಂದು ಮೆಲ್ಲಗೆ ಹೇಳಿದರು. "ಕೆಲವು ತಿಂಗಳು ಅಂದುಕೊಳ್ಳಿ. ಮನಸ್ಸಿಗೆ ಖುಷಿ ಕೊಡುವುದನ್ನು ಮಾಡಿ" ಎಂದರು. ಇವಳು "ಹಾಗಾದರೆ ಇನ್ನು ಉಪ್ಪಿನಕಾಯಿ ತಿನ್ನಬಹುದಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಎರಡು ವರ್ಷದಿಂದ ಅದನ್ನು ಬಿಡಿಸಿದ್ದವರು ಅದೇ ಡಾಕ್ಟರು. ಅವರು ಕನ್ನಡಕ ತೆಗೆದು ಒರೆಸಿಕೊಂಡು, ತಿನ್ನಿ ಎಂದರು. ಕೆನಡಾದ ಟೊರೊಂಟೋ ಪಕ್ಕದ ಮಾರ್ಕಮ್‌ನ ಮನೆಗೆ ಬರುವ ದಾರಿಯಲ್ಲಿ ನಮ್ಮವರ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಮಾವಿನಮಿಡಿ ಉಪ್ಪಿನಕಾಯಿಯ ದೊಡ್ಡ ಬಾಟಲಿ ತೆಗೆದುಕೊಂಡೆವು.

ಆಮೇಲಿನ ತಿಂಗಳುಗಳಲ್ಲಿ ನಡೆದದ್ದನ್ನು ನೆನಪಾದ ಹಾಗೆ ಇಲ್ಲಿ ಬರೆದಿದ್ದೇನೆ.

ಬೆಲ್ಟ್ ಹಾಕಿಕೊಂಡ ಅಕ್ಕಿ

ನಮ್ಮ ಒಬ್ಬಳೇ ಮಗಳು ಇಲ್ಲೇ ಹುಟ್ಟಿದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳು ಒಂದು ಸಂಜೆ ಕೆಲಸದಿಂದ ಬರುವಾಗ ವೀಲ್‌ಚೇರ್ ತಂದು ಗರಾಜಿನಲ್ಲಿಟ್ಟಳು.

"ಅಮ್ಮ, ಇಟ್ಸ್ ಜಸ್ಟ್ ಅ ಚೇರ್" ಅಂದಳು.

"ಬರೀ ಚೇರ್ ಆದ್ರೆ ಅದಕ್ಕೆ ಚಕ್ರ ಎಂತಕ್ಕೆ?" ಅಂದಳು ಇವಳು.

ಆಗ ಇವಳು ಗೋಡೆ ಹಿಡಿದುಕೊಂಡು ಮೂವತ್ತು ಹೆಜ್ಜೆ ನಡೆಯುತ್ತಿದ್ದಳು. ಅಲ್ಲಿಗೆ ಮುಗಿಯಿತು, ಎಲ್ಲಾದರೂ ಕೂರಲೇಬೇಕು. ಆದರೂ ಆ ಕುರ್ಚಿಯನ್ನು ಮುಟ್ಟಲಿಲ್ಲ. ನಾನು ಒಂದು ದಿನ ಗಟ್ಟಿಯಾಗಿ ಹೇಳಿದ್ದಕ್ಕೆ ಸಿಟ್ಟು ಬಂತು. "ಆಸ್ಪತ್ರೆಯಲ್ಲಿ ಒಮ್ಮೆ ಅದ್ರಲ್ಲಿ ಕೂರಿಸಿದ್ರಲ್ಲ, ನೆನಪುಂಟಾ? ಆ ನರ್ಸು ನನ್ನ ಊಟದ ವಿಷಯ ನಿಮ್ಮ ಹತ್ರ ಕೇಳಿದ್ಳು. ಬಾಯಿ ನಂದು, ಹೊಟ್ಟೆ ನಂದು, ಕೇಳುದು ಹಿಂದೆ ನಿಂತು ತಳ್ಳುವವರ ಹತ್ರ. ಅದ್ರಲ್ಲಿ ಕೂತ್ರೆ ಮತ್ತೆ ನಾನು ನಾನಲ್ಲ, ಪೇಷಂಟು" ಅಂದಳು.

ಆದರೆ ದಕ್ಷಿಣ ಕನ್ನಡದ ಹೆಂಗಸು, ಮನೆಗೆ ಬಂದ ವಸ್ತುವನ್ನು ಸುಮ್ಮನೆ ಬಿಡುವವಳಲ್ಲ. ನಮ್ಮ ಕುಚ್ಚಲಕ್ಕಿಯ ಮೂಟೆ ಗರಾಜಿನಲ್ಲಿರುತ್ತದೆ, ಅಡುಗೆಮನೆ ಮನೆಯ ಇನ್ನೊಂದು ತುದಿಯಲ್ಲಿ. ಮೂಟೆಯನ್ನು ವೀಲ್‌ಚೇರಿನಲ್ಲಿ ಕೂರಿಸಿ ತರಬಹುದೆಂದು ಇವಳಿಗೆ ಹೊಳೆಯಿತು. ತರುವವನು ನಾನು. ಹೊಸ್ತಿಲಲ್ಲಿ ಒಮ್ಮೆ ಮೂಟೆ ಮುಗ್ಗರಿಸಿ ಬಿದ್ದ ಮೇಲೆ ಅದಕ್ಕೆ ಬೆಲ್ಟ್ ಕೂಡ ಹಾಕಿಸಿದಳು.

ಮನೆಗೆ ಬಂದು ನೋಡಿಹೋಗುವ ನರ್ಸು ಬಾಗಿಲು ತಳ್ಳಿದ್ದು ಸರಿಯಾಗಿ ಆ ಹೊತ್ತಿಗೆ. ಹಜಾರದ ನಡುವೆ ವೀಲ್‌ಚೇರಿನಲ್ಲಿ ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು ಅಕ್ಕಿ ಮೂಟೆ ಕೂತಿದೆ. ಕಾಯಿಲೆಯವಳು ಒಲೆಯ ಮುಂದೆ ಸ್ಟೂಲಿನ ಮೇಲೆ ಕೂತು ಒಗ್ಗರಣೆ ಹಾಕುತ್ತಿದ್ದಾಳೆ. ನರ್ಸು ಒಮ್ಮೆ ಮೂಟೆಯನ್ನು ನೋಡಿದಳು, ಒಮ್ಮೆ ಇವಳನ್ನು ನೋಡಿದಳು, ಆಮೇಲೆ ತನ್ನ ಫೈಲು ತೆಗೆದು ನಗು ತಡೆದುಕೊಂಡು ಬರೆದಳು: "ವೀಲ್‌ಚೇರ್ ದಿನವೂ ಬಳಕೆಯಲ್ಲಿದೆ."

ಬೇಕರಿಯ ಅಜ್ಜಿಯ ಊರು

ಖುಷಿ ಕೊಡುವುದನ್ನು ಮಾಡಿ ಎಂದು ಡಾಕ್ಟರು ಹೇಳಿದ್ದರಲ್ಲ, ಉಪ್ಪಿನಕಾಯಿ ಮುಗಿದ ಮೇಲೆ ಇವಳು ಎರಡನೆಯ ಬೇಡಿಕೆ ಇಟ್ಟಳು. ಇಟಲಿಯ ಫ್ಲಾರೆನ್ಸ್ ಪಟ್ಟಣ ನೋಡಬೇಕು.

ಇದಕ್ಕೆ ಕಾರಣ ಉಂಟು. ನಾನು ಇಪ್ಪತ್ತೆರಡು ವರ್ಷ ಈ ಕಡೆ ಸಿಟಿ ಬಸ್ಸು ಓಡಿಸಿದವನು. ಇವಳು ಅಷ್ಟೇ ವರ್ಷ ವುಡ್‌ಬ್ರಿಜ್‌ನಲ್ಲಿ ಒಂದು ಇಟಾಲಿಯನ್ ಬೇಕರಿಯಲ್ಲಿ ಹಿಟ್ಟು ನಾದಿದವಳು. ಅದರ ಯಜಮಾನಿ ಎಂಬತ್ತು ದಾಟಿದ ಅಜ್ಜಿ, ದಕ್ಷಿಣ ಇಟಲಿಯ ಯಾವುದೋ ಹಳ್ಳಿಯವರು. ಹಿಟ್ಟು ನಾದುವ ಮೇಜಿನ ಎದುರಿಗೆ ಪ್ರತಿ ವರ್ಷವೂ ಫ್ಲಾರೆನ್ಸಿನ ಚಿತ್ರವಿರುವ ಕ್ಯಾಲೆಂಡರ್ ತೂಗುತ್ತಿತ್ತು. ಅಜ್ಜಿ ಅದನ್ನು ತೋರಿಸಿ ಆ ಚರ್ಚಿನ ಕೆಂಪು ಗುಮ್ಮಟದ ಬಗ್ಗೆ, ಹೊಳೆಯ ಮೇಲಿನ ಅಂಗಡಿಗಳ ಸೇತುವೆಯ ಬಗ್ಗೆ ದಿನವೂ ಹೇಳುವರು. ಇಪ್ಪತ್ತೆರಡು ವರ್ಷ ಕೇಳಿದರೆ ಯಾರಿಗೆ ಆಸೆ ಹುಟ್ಟುವುದಿಲ್ಲ?

ಆದರೆ ಫ್ಲಾರೆನ್ಸಿನ ಹಳೆಯ ಪೇಟೆ ಇರುವುದೇ ನಡೆಯುವವರಿಗೆ. ಕಲ್ಲು ಹಾಸಿನ ಗಲ್ಲಿಗಳು, ಹೊರಗಿನ ಕಾರುಗಳನ್ನು ಒಳಗೆ ಬಿಡುವುದಿಲ್ಲ. ಮೂವತ್ತು ಹೆಜ್ಜೆಯವಳು ಅಲ್ಲಿ ಏನು ಮಾಡುವುದು? ಮಗಳು ಎರಡು ದಿನ ಕಂಪ್ಯೂಟರ್ ಮುಂದೆ ಕೂತು ಹುಡುಕಿ ಒಂದು ಚಿತ್ರ ತೋರಿಸಿದಳು. ಹಳೇ ಕಾಲದ ಕಾರಿನ ಹಾಗೆಯೇ ಮಾಡಿದ, ಬ್ಯಾಟರಿಯಲ್ಲಿ ಓಡುವ ಸಣ್ಣ ಗಾಡಿ. ಕೆನೆ ಬಣ್ಣ, ಗುಂಡು ದೀಪ, ಕೆಂಪು ಸೀಟು, ತಲೆಯ ಮೇಲೆ ಮಡಚುವ ಟಾಪು. ಹೊಗೆ ಬಿಡದ ಕಾರಣ ಅದಕ್ಕೆ ಹಳೆಯ ಪೇಟೆಯೊಳಗೆ ಹೋಗಲು ಅಪ್ಪಣೆ ಉಂಟಂತೆ.

ಇವಳು ಚಿತ್ರವನ್ನು ಬಹಳ ಹೊತ್ತು ನೋಡಿದಳು. "ಇದ್ರಲ್ಲಿ ಎಲ್ಲರೂ ಕೂತೇ ಇರ್ತಾರಲ್ವಾ?" ಎಂದು ಕೇಳಿದಳು. ಹೌದೆಂದೆವು. "ಹಾಗಾದ್ರೆ ಹೋಗುವ. ಎಲ್ಲರೂ ಕೂತಲ್ಲಿ ನಾನೂ ಕೂತ್ರೆ ಯಾರಿಗೆ ಗೊತ್ತಾಗ್ತದೆ? ಒಂದು ದಿನ, ಒಂದೇ ದಿನ, ಯಾರೂ ನನ್ನನ್ನು ಪಾಪ ಅಂತ ನೋಡಬಾರದು. ಯಾರಿಗೂ ಹೇಳಬಾರದು, ಆಯ್ತಾ?" ಮಗಳೂ ನಾನೂ ಆಯ್ತು ಅಂದೆವು. ಮಗಳಿಗೆ ಮುಖ ತೊಳೆಯಲು ಎದ್ದು ಬಚ್ಚಲಿಗೆ ಹೋಗಬೇಕಾಯಿತು.

ಹೊರಡುವ ಮೊದಲು ಬೇಕರಿಗೆ ಹೋಗಿ ಅಜ್ಜಿಗೆ ಹೇಳಿದೆವು. ಅಜ್ಜಿ ಇವಳ ಎರಡೂ ಕೆನ್ನೆಗೆ ಮುತ್ತಿಟ್ಟು ಅತ್ತರು. ಅಲ್ಲಿ ನಾವು ಯಾವ ಹೋಟೆಲಿನಲ್ಲಿ ಉಣ್ಣಬೇಕು, ನೀವು ಹೋದಾಗ ಎಲ್ಲಿ ಉಂಡಿರಿ ಎಂದು ನಾನು ಕೇಳಿದೆ.

"ನಾನಾ? ನಾನು ಯಾವತ್ತು ಹೋಗಿದ್ದೆ?" ಎಂದರು ಅಜ್ಜಿ. "ನಮ್ಮ ಹಳ್ಳಿಯಿಂದ ಅದು ತುಂಬಾ ದೂರ. ಅದಕ್ಕೇ ಟೊರೊಂಟೋಗೆ ಬಂದೆ."

ನಾಲ್ಕು ನಿಂಬೆಹಣ್ಣು

ವಿಮಾನ ನಿಲ್ದಾಣದಲ್ಲಿ ನಮ್ಮನ್ನು ಆರೇಳು ಜನ ಕೂರುವ ಬ್ಯಾಟರಿ ಗಾಡಿಯಲ್ಲಿ ಕರೆದೊಯ್ದರು. ಅದರಲ್ಲಿ ಕಾಲು ಸರಿಯಿದ್ದ ಸೋಮಾರಿಗಳೂ ಇದ್ದುದರಿಂದ ಇವಳ ತಕರಾರಿರಲಿಲ್ಲ. ಮಗಳಿಗೆ ರಜೆ ಸಿಗದೆ ನಾವಿಬ್ಬರೇ ಹೋದದ್ದು.

ಫ್ಲಾರೆನ್ಸಿನ ಮೊದಲ ಬೆಳಿಗ್ಗೆ ಹೋಟೆಲಿನ ತಿಂಡಿ ಕೊಡುವಲ್ಲಿ ಇವಳು ನಾಲ್ಕು ನಿಂಬೆಹಣ್ಣು ಕೇಳಿದಳು. ಚಹಾಕ್ಕೆಂದು ತಿಳಿದು ಅವರು ತುಂಡು ಮಾಡಿ ತಂದರು. ಇಡಿಯದು ಬೇಕು ಎಂದಳು. ನನಗೆ ಅರ್ಥವಾಯಿತು, ಆದರೆ ಹೇಳಿ ಪ್ರಯೋಜನವಿಲ್ಲ. ಹೊಸ ಗಾಡಿ ಹೊರಡುವ ಮೊದಲು ಚಕ್ರದಡಿ ನಿಂಬೆಹಣ್ಣು ಇಡಲೇಬೇಕು ಎನ್ನುವುದು ಇವಳ ಕಟ್ಟುನಿಟ್ಟು. ನಾನು ಬಸ್ಸಿನ ಕೆಲಸಕ್ಕೆ ಸೇರಿದ ದಿನವೂ ಕಿಸೆಯಲ್ಲಿ ಆರು ಕಳಿಸಿದ್ದಳು. ಡಿಪೋದ ಸೂಪರ್‌ವೈಸರ್ ಬಸ್ಸಿನಡಿ ನಾನು ಮಲಗಿದ್ದನ್ನು ಕಂಡು, ಹೊಸಬ ಬ್ರೇಕು ತಪಾಸಣೆ ಮಾಡುತ್ತಿದ್ದಾನೆ ಎಂದು ಹೊಗಳಿದ್ದ.

ಗಾಡಿ ಹೋಟೆಲಿನ ಬಾಗಿಲಿಗೇ ಬಂತು. ಓಡಿಸುವವಳು ಐವತ್ತೈದರ ಆಸುಪಾಸಿನ ಹೆಂಗಸು, ತಲೆಗೆ ಹಳೇ ಕಾಲದ ಟೋಪಿ, ಗಟ್ಟಿ ಗಂಟಲು. ಇವಳು ಬಾಗಿಲಿನಿಂದ ಗಾಡಿಗೆ ಹನ್ನೆರಡು ಹೆಜ್ಜೆ ನನ್ನ ತೋಳು ಹಿಡಿದು ಗಂಡನ ಜೊತೆ ವಿಹಾರಕ್ಕೆ ಹೊರಟವಳ ಹಾಗೆ ನಡೆದು, ಮುಂದಿನ ಉದ್ದ ಸೀಟಿನಲ್ಲಿ ಕೂತು, ಬೆವರು ಒರೆಸಿಕೊಂಡಳು. ನಾಲ್ಕೂ ನಿಂಬೆಹಣ್ಣನ್ನು ನನ್ನ ಕೈಗೆ ಕೊಟ್ಟು, "ಇಡಿ" ಅಂದಳು.

ನಾನು ನಡುಬೀದಿಯಲ್ಲಿ ಮೊಣಕಾಲೂರಿ ಒಂದೊಂದೇ ಚಕ್ರದಡಿ ಇಡುತ್ತಾ ಹೋದೆ. ಚಾಲಕಿ ಸೊಂಟಕ್ಕೆ ಕೈಯಿಟ್ಟು ನೋಡುತ್ತಿದ್ದಳು. ಕೆಟ್ಟ ಕಣ್ಣು ಬೀಳದಿರಲಿ ಅಂತ ಎಂದು ಇವಳು ಬೇಕರಿಯಲ್ಲಿ ಕಲಿತ ಇಟಾಲಿಯನ್ನಿನಲ್ಲಿ ಹೇಳಿದಳು. ಚಾಲಕಿ ನಗುತ್ತಾಳೆಂದು ನಾನು ಎಣಿಸಿದ್ದೆ. ಅವಳು ಗಂಭೀರಳಾಗಿ ಅಂಗಿಯೊಳಗಿನಿಂದ ಸರಕ್ಕೆ ಕಟ್ಟಿದ ಕೆಂಪು ಕೊಂಬಿನ ತುಂಡೊಂದನ್ನು ತೆಗೆದು ತೋರಿಸಿದಳು. ಅದೂ ದೃಷ್ಟಿಗೇ. ಇಬ್ಬರೂ ಒಬ್ಬರಿಗೊಬ್ಬರು ತಲೆಯಾಡಿಸಿದರು. ಆಮೇಲೆ ಇಡೀ ದಿನ ನಾನು ಅವರಿಬ್ಬರ ನಡುವೆ ಹೊರಗಿನವನೇ.

ತೊಂದರೆ ನಿಂಬೆಯದ್ದು. ನಮ್ಮ ನಿಂಬೆ ಗೋಲಿಯಷ್ಟು, ಇಟಲಿಯದ್ದು ಎಳನೀರಿನ ಗೊಂಚಲಿನಿಂದ ಬಿದ್ದ ಹಾಗಿತ್ತು. ಗಾಡಿಯೋ ಹಗುರ. ಮೂರು ಚಕ್ರ ಹೇಗೋ ಹತ್ತಿ ಇಳಿದು ಹಣ್ಣು ಒಡೆಯಿತು. ನಾಲ್ಕನೆಯದು ಒಡೆಯಲಿಲ್ಲ, ಪುಟಿದು ಹೋಗಿ, ಎದುರಿನಿಂದ ಬರುತ್ತಿದ್ದ ವಯಸ್ಸಾದ ಕ್ರೈಸ್ತ ಸನ್ಯಾಸಿನಿಯ ಕಾಲಿನ ಹತ್ತಿರ ನಿಂತಿತು. ಅವರು ಬಗ್ಗಿ ಹೆಕ್ಕಿಕೊಂಡು, ಉಡುಪಿಗೆ ಒರೆಸಿ, ಮೂಸಿ ನೋಡಿ, ಆಕಾಶಕ್ಕೊಮ್ಮೆ ಕೈಮುಗಿದು ಚೀಲಕ್ಕೆ ಹಾಕಿಕೊಂಡರು.

ಇವಳು ಗಾಬರಿಯಾದಳು. "ಅಯ್ಯೋ, ತಗೊಂಡು ಹೋದ್ರು! ನನ್ನದೆಲ್ಲಾ ಅವರಿಗೆ ಹೋದ್ರೆ ಎಂತ ಮಾಡುದು? ಕರೀರಿ ಅವರನ್ನು" ಅಂದಳು. ಆ ಗಳಿಗೆಯಲ್ಲೂ ತನ್ನ ಕಾಯಿಲೆ ಬೇರೆಯವರಿಗೆ ಅಂಟಬಾರದೆಂದು ಕಣ್ಣಲ್ಲಿ ನೀರು. ಗಾಬರಿ ಯಾಕೆಂದು ಊಹಿಸಿದ ಚಾಲಕಿ ಇವಳ ಕೈಮೇಲೆ ಕೈಯಿಟ್ಟು ಸಮಾಧಾನ ಹೇಳಿದಳು: "ಸಿನ್ಯೋರಾ, ಹೆದರಬೇಡಿ. ಆ ಸನ್ಯಾಸಿನಿ ನಮ್ಮ ಬೀದಿಯವರು. ಅವರು ಹತ್ತಿರ ಬಂದರೆ ಕೆಟ್ಟ ಕಣ್ಣೇ ದಾರಿ ಬದಲಿಸುತ್ತದೆ."

ಹಿಂದಿನ ಸೀಟಿನ ಡ್ರೈವರು

ಬಸ್ಸು ಓಡಿಸಿದವನನ್ನು ಹಿಂದಿನ ಸೀಟಿನಲ್ಲಿ ಕೂರಿಸುವಷ್ಟು ದೊಡ್ಡ ಶಿಕ್ಷೆ ಇನ್ನೊಂದಿಲ್ಲ. ಅದರಲ್ಲೂ ಸದ್ದೇ ಮಾಡದ ಗಾಡಿ. ಎಂಜಿನ್ ಶುರುವಾಗಿದೆಯೋ ಇಲ್ಲವೋ ನನಗೆ ಗೊತ್ತಾಗುತ್ತಿರಲಿಲ್ಲ. ಗೋಡೆಗೂ ಗಾಡಿಗೂ ನಡುವೆ ಒಂದು ಗೇಣು ಜಾಗ, ಎದುರಿಗೆ ಐಸ್‌ಕ್ರೀಮ್ ನೆಕ್ಕುತ್ತಾ ಬರುವ ಜನ. ನನ್ನ ಬಲಗಾಲು ತನ್ನಷ್ಟಕ್ಕೆ ನೆಲವನ್ನು ಒತ್ತುತ್ತಿತ್ತು.

ಕಲ್ಲು ಹಾಸಿನ ಮೇಲೆ ಗಾಡಿ ಕುಲುಕಿದಾಗಲೆಲ್ಲ ಇವಳ ಹೆಗಲು ಬಿಗಿಯುವುದು ಹಿಂದಿನಿಂದ ಕಾಣುತ್ತಿತ್ತು. ಮೆಲ್ಲಗೆ ಓಡಿಸು ಎಂದು ಚಾಲಕಿಗೆ ಹೇಳಿದರೆ ಯಾಕೆ ಎಂದು ಕೇಳುತ್ತಾಳೆ, ಹೇಳಿದರೆ ಮಾತು ತಪ್ಪಿದ ಹಾಗಾಗುತ್ತದೆ. ಏನೂ ಮಾಡಲಾಗದೆ ನಾನು ಇನ್ನಷ್ಟು ಜೋರಾಗಿ ನೆಲ ಒತ್ತಿದೆ. ಇಪ್ಪತ್ತೆರಡು ವರ್ಷ ಊರವರನ್ನೆಲ್ಲ ಕುಲುಕಾಡದ ಹಾಗೆ ಸಾಗಿಸಿದವನಿಗೆ ಹೆಂಡತಿಗಾಗಿ ಒಂದು ಬ್ರೇಕು ಹಾಕಲು ಆಗುವುದಿಲ್ಲವಲ್ಲ ಎನಿಸಿತು. ವಿಚಿತ್ರವೆಂದರೆ ನಾನು ಹೇಳದಿದ್ದರೂ ಚಾಲಕಿ ನಿಧಾನವಾಗಿಯೇ ಹೋಗುತ್ತಿದ್ದಳು, ಗುಂಡಿ ಕಂಡರೆ ಬಳಸಿ ಹೋಗುತ್ತಿದ್ದಳು. ಒಳ್ಳೆಯ ಡ್ರೈವರು ಎಂದು ಮನಸ್ಸಿನಲ್ಲೇ ಒಪ್ಪಿಕೊಂಡೆ.

ಇವಳ ಇಟಾಲಿಯನ್ ಕೇಳಿ ಚಾಲಕಿಗೆ ತಡೆಯಲಾಗಲಿಲ್ಲ. ಬೇಕರಿಯ ಅಜ್ಜಿಯಿಂದ ಕಲಿತ ಭಾಷೆ, ಅಜ್ಜಿಯ ಹಳ್ಳಿಯ ಧಾಟಿಯಲ್ಲೇ ಇತ್ತು.

"ಸಿನ್ಯೋರಾ, ನೀವು ಮಾತಾಡಿದರೆ ನನ್ನ ತೀರಿಹೋದ ಅತ್ತೆಯೇ ಎದ್ದು ಬಂದ ಹಾಗಾಗುತ್ತದೆ. ಅವರೂ ದಕ್ಷಿಣದವರು."

"ಹೌದಾ? ಒಳ್ಳೆಯವರಾ?" ಎಂದು ಇವಳು ಖುಷಿಯಿಂದ ಕೇಳಿದಳು.

"ಇಲ್ಲ" ಅಂದಳು ಚಾಲಕಿ.

ಇವಳು ನಕ್ಕಳು. ವಾರಗಟ್ಟಲೆ ಕೇಳಿರದ ನಗು. ನಕ್ಕು ನಕ್ಕು ಸೊಂಟ ಹಿಡಿದುಕೊಂಡಳು, ನೋವಾದರೂ ನಿಲ್ಲಲಿಲ್ಲ. ಅಷ್ಟರಲ್ಲಿ ಒಂದು ನಾಯಿ ಅಡ್ಡ ಬಂತು, ನನ್ನ ಕಾಲು ಮತ್ತೆ ಧಡ್ಡೆಂದು ನೆಲಕ್ಕೆ ಬಿತ್ತು. ಚಾಲಕಿ ಗಾಡಿ ನಿಲ್ಲಿಸಿ, ಕನ್ನಡಿಯಲ್ಲಿ ನನ್ನನ್ನು ನೋಡಿ ಹೇಳಿದಳು: "ಸಿನ್ಯೋರ್, ನಿಮ್ಮ ಬ್ರೇಕು ನನ್ನದಕ್ಕಿಂತ ಚೆನ್ನಾಗಿದೆ. ಆದರೆ ಹೀಗೇ ಒತ್ತಿದರೆ ಸಂಜೆಯೊಳಗೆ ನೆಲ ತೂತಾಗಿ ನೀವು ನಡೆದುಕೊಂಡೇ ಬರಬೇಕಾಗುತ್ತದೆ."

ಬಟ್ಟೆ ಬಿಟ್ಟ ಇಬ್ಬರು

ಹೊಳೆ ದಾಟಿ ಗುಡ್ಡ ಹತ್ತಿದರೆ ಒಂದು ದೊಡ್ಡ ಚೌಕ. ಅಲ್ಲಿಂದ ಇಡೀ ಪಟ್ಟಣ ಕಾಣುತ್ತದೆ. ಕ್ಯಾಲೆಂಡರಿನ ಕೆಂಪು ಗುಮ್ಮಟ ಎದುರಿಗೇ ಇತ್ತು. ಇವಳು ಸೀಟಿನಲ್ಲಿ ಮುಂದಕ್ಕೆ ಬಗ್ಗಿ ಅದನ್ನೇ ನೋಡಿದಳು. "ಅಜ್ಜಿ ಹೇಳಿದ್ದು ಸುಳ್ಳಲ್ಲ" ಎಂದಷ್ಟೇ ಅಂದಳು. ಫೋನಿನಲ್ಲಿ ವಿಡಿಯೋ ಹಾಕಿ ಮಗಳಿಗೂ ತೋರಿಸಿದೆವು.

ಚೌಕದ ನಡುವೆ ಎತ್ತರದ ಕಟ್ಟೆಯ ಮೇಲೆ ಒಬ್ಬ ಯುವಕನ ಕಂಚಿನ ಪ್ರತಿಮೆ, ಮೈಮೇಲೆ ನೂಲೆಳೆಯಿಲ್ಲ. ಎಲ್ಲರೂ ಬಾಯಿಬಿಟ್ಟು ಫೋಟೋ ತೆಗೆಯುತ್ತಿದ್ದರು. ಇವಳು ಗಾಡಿಯಲ್ಲಿ ಕೂತೇ ಒಮ್ಮೆ ಮೇಲಿಂದ ಕೆಳಗೆ ನೋಡಿ, "ಸಣ್ಣವ" ಅಂದಳು.

ಚಾಲಕಿಗೆ ಅವಮಾನವಾಯಿತು. ಜಗತ್ತೇ ಬಂದು ನೋಡುವ ಪ್ರತಿಮೆ ಅದು.

"ನಮ್ಮ ಕಾರ್ಕಳದಲ್ಲಿ ಒಬ್ಬ ಇದ್ದಾನೆ" ಅಂದಳು ಇವಳು, ತವರಿನ ಅಭಿಮಾನ ಬಿಟ್ಟುಕೊಡದೆ. "ಒಂದೇ ಕಲ್ಲಿನವ. ಗುಡ್ಡದ ಮೇಲೆಯೇ ನಿಂತಿದ್ದಾನೆ, ಇವನ ಹಾಗೇ ಬಟ್ಟೆ ಇಲ್ಲದೆ. ಆದ್ರೆ ಇವನನ್ನು ಎರಡು ಪಟ್ಟು ಮಾಡಿದ್ರೂ ಅವನಿಗೆ ಸಮ ಆಗುದಿಲ್ಲ."

ಚಾಲಕಿ ಸೋಲುವವಳಲ್ಲ. "ನಮ್ಮವನು ಯುದ್ಧಕ್ಕೆ ಹೊರಟು ನಿಂತವನು. ನಿಮ್ಮವನು?"

"ನಮ್ಮವ ಯುದ್ಧ ಗೆದ್ದವ. ಗೆದ್ದ ಮೇಲೆ, ಇದೆಲ್ಲ ನನಗೆ ಬೇಡ ಅಂತ ಬಿಟ್ಟು ನಿಂತವ. ರಾಜ್ಯ, ಮನೆ, ಅಣ್ಣ ತಮ್ಮ, ಎಲ್ಲ."

ಇದನ್ನು ಹೇಳುವಾಗ ಇವಳ ದನಿ ಸಣ್ಣದಾಯಿತು. ನಾನು ಬೇರೆ ಕಡೆ ನೋಡಿದೆ. ಎಲ್ಲ ಬಿಡುವುದು ಎಂಬ ಮಾತು ಆಗ ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವ ಮಾತಾಗಿರಲಿಲ್ಲ. ಚಾಲಕಿ ಸ್ವಲ್ಪ ಯೋಚಿಸಿ ಕೇಳಿದಳು.

"ಬಟ್ಟೆಯನ್ನೂ ಬಿಟ್ಟನಾ?"

"ಮೊದಲು ಬಿಟ್ಟದ್ದೇ ಅದನ್ನು" ಅಂದಳು ಇವಳು. "ತೊಳೆಯುವ ಕೆಲಸ ಇಲ್ಲ ನೋಡಿ."

ಲೈಸೆನ್ಸು

ಗುಡ್ಡ ಇಳಿದು ಹಳೆಯ ಪೇಟೆಗೆ ಬಂದೆವು. ನಮ್ಮ ಹೊತ್ತು ಮುಗಿದಿತ್ತು. ಇವಳಿಗೆ ಇಳಿಯಲು ಮನಸ್ಸಿಲ್ಲ. "ಆ ಚರ್ಚಿನ ಸುತ್ತ ಇನ್ನೊಂದು ಸುತ್ತು ಹೋಗುವ" ಅಂದಳು. ಒಂದು ಸುತ್ತು ಎರಡಾಯಿತು. ಮೂರನೆಯದರಲ್ಲಿ, ಚೌಕದ ನಟ್ಟನಡುವೆ, ಸುತ್ತಲೂ ಜನಸಾಗರ, ಗಾಡಿ ನಿಂತಿತು. ಗುಡ್ಡ ಹತ್ತಿದ್ದರಲ್ಲೇ ಬ್ಯಾಟರಿ ಮುಕ್ಕಾಲು ತೀರಿಹೋಗಿತ್ತು.

ಚಾರ್ಜು ಮಾಡುವ ಜಾಗ ಅಲ್ಲೇ ಮುಂದಿನ ಬೀದಿಯಲ್ಲಿತ್ತು. ತಳ್ಳಬೇಕು. ಹಿಂದಿನಿಂದ ಬಂದ ಪೊಲೀಸಿನವನು, ಎಲ್ಲರೂ ಇಳಿಯಿರಿ, ಬೇಗ ಬೇಗ ಎಂದು ಕೈಬೀಸಿದ. ಇಳಿದರೆ ಇವಳು ಅಲ್ಲಿ ನಿಲ್ಲಲಾರಳು. ಅಷ್ಟೂ ಜನರ ಮುಂದೆ ಯಾರಾದರೂ ಕುರ್ಚಿ ತರುತ್ತಾರೆ, ಎಲ್ಲರೂ ಪಾಪ ಎನ್ನುತ್ತಾರೆ. ಇವಳ ಒಂದು ದಿನ ಅಲ್ಲಿಗೆ ಮುಗಿಯುತ್ತದೆ. ಇವಳು ಸೀಟಿನ ಅಂಚು ಹಿಡಿದು ಕೂತಿದ್ದಳು, ಮುಖ ಬಿಳಿಚಿತ್ತು. ನಾನು ಹೇಳಿಯೇ ಬಿಡುವುದೆಂದು ಬಾಯಿ ತೆರೆದೆ.

ಅಷ್ಟರಲ್ಲಿ ಚಾಲಕಿ ಪೊಲೀಸಿನವನಿಗೆ ಏರುದನಿಯಲ್ಲಿ, "ಎಲ್ಲರೂ ಇಳಿದರೆ ಸ್ಟಿಯರಿಂಗ್ ಹಿಡಿಯುವವರು ಯಾರು, ನೀನಾ?" ಎಂದು ಕೇಳಿ, ತಾನು ಕೆಳಗೆ ಹಾರಿ ಇಳಿದು, "ಸಿನ್ಯೋರಾ, ಈ ಕಡೆ ಸರಿಯಿರಿ. ನೀವು ಓಡಿಸಿ, ನಾವು ತಳ್ಳುತ್ತೇವೆ" ಎಂದಳು.

ಇಲ್ಲಿ ಒಂದು ವಿಷಯ ಹೇಳಬೇಕು. ಇವಳು ಕೆನಡಾದಲ್ಲಿ ಡ್ರೈವಿಂಗ್ ಟೆಸ್ಟಿನಲ್ಲಿ ಮೂರು ಸಲ ಫೇಲಾದವಳು. ಮೊದಲ ಸಲ ಹಸಿರು ದೀಪದಲ್ಲಿ ನಿಂತು ಎಲ್ಲರಿಗೂ ದಾರಿ ಬಿಟ್ಟದ್ದಕ್ಕೆ. ಎರಡನೆಯ ಸಲ ನಿಧಾನದಲ್ಲಿ ಸೈಕಲ್ಲಿಗೂ ಹಿಂದೆ ಬಿದ್ದದ್ದಕ್ಕೆ. ಮೂರನೆಯ ಸಲ ಎಲ್ಲ ಚೆನ್ನಾಗಿಯೇ ಹೋಗಿತ್ತು, ಪರೀಕ್ಷೆ ಮಾಡುವವನು ಬೆಳಿಗ್ಗೆ ತಿಂಡಿ ತಿಂದಿಲ್ಲವೆಂದು ತಿಳಿದು, ನಡುರಸ್ತೆಯಲ್ಲಿ ಸ್ಟಿಯರಿಂಗ್ ಬಿಟ್ಟು ಹಿಂದಿನ ಸೀಟಿನಿಂದ ಚಕ್ಕುಲಿ ಡಬ್ಬಿ ತೆಗೆಯಲು ಹೋದಳು.

ಆ ಹೆಂಗಸು ಈಗ ಉದ್ದ ಸೀಟಿನಲ್ಲಿ ಮೆಲ್ಲಗೆ ಸರಿದು ಸ್ಟಿಯರಿಂಗ್ ಹಿಡಿದು ಕೂತಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ನಾನೂ ಚಾಲಕಿಯೂ ಹಿಂದೆ ಬಗ್ಗಿ ತಳ್ಳಿದೆವು. ಗಾಡಿ ಹೊರಟಿತು.

"ಹಾರ್ನ್ ಎಲ್ಲುಂಟು?" ಎಂದು ಕೂಗಿದಳು. ರಬ್ಬರ್ ಬುರುಡೆಯ ಹಾರ್ನು ಸಿಕ್ಕಿತು. ಪೋಂ, ಪೋಂ. ಜನ ಪಕ್ಕಕ್ಕೆ ಸರಿದರು. ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ ತಟ್ಟಿದರು. ಇವಳು ಒಂದು ಕೈಬಿಟ್ಟು ಎಲ್ಲರಿಗೂ ಕೈಬೀಸಿದಳು. "ಎರಡೂ ಕೈಯಲ್ಲಿ ಹಿಡಿ ಮಾರಾಯ್ತಿ!" ಎಂದು ನಾನು ಹಿಂದಿನಿಂದ ಅರಚಿದೆ. "ನೀವು ಸುಮ್ನೆ ತಳ್ಳಿ. ಬಸ್ಸಿನ ಹಾಗಲ್ಲ ಇದು, ಬೆನ್ನು ಬಗ್ಗಿಸಿ!" ಎಂದು ಉತ್ತರ ಬಂತು.

ತಳ್ಳುತ್ತಾ ಚಾಲಕಿ ನನ್ನ ಕಿವಿಯ ಹತ್ತಿರ ಹೇಳಿದಳು, "ನಿಮ್ಮ ಮಗಳು ಬುಕ್ ಮಾಡುವಾಗ ಎಲ್ಲ ಬರೆದಿದ್ದಾಳೆ. ನನಗೆ ಬೆಳಿಗ್ಗೆಯೇ ಗೊತ್ತು. ಸಿನ್ಯೋರಾಗೆ ಹೇಳಬೇಡಿ." ನನಗೆ ಅಳು ಒತ್ತಿಬಂತು. ಬೆವರಿನ ಜೊತೆ ಅದೂ ಹರಿದುಹೋಯಿತು, ಯಾರೂ ಗಮನಿಸಲಿಲ್ಲ. ಒಂದು ಹಂತದಲ್ಲಿ ಗಾಡಿ ಯಾಕೋ ಭಾರವಾಯಿತಲ್ಲ ಎಂದು ಪಕ್ಕಕ್ಕೆ ನೋಡಿದರೆ ಚಾಲಕಿ ಇಲ್ಲ. ಅವಳು ಸೀಟಿನ ಮೇಲಿದ್ದ ನನ್ನ ಫೋನು ಹಿಡಿದುಕೊಂಡು ಗಾಡಿಯ ಮುಂದೆ ಹಿಮ್ಮುಖವಾಗಿ ನಡೆಯುತ್ತಾ ಇವಳ ಫೋಟೋ ತೆಗೆಯುತ್ತಿದ್ದಳು. ಇಡೀ ಫ್ಲಾರೆನ್ಸಿನಲ್ಲಿ ತಳ್ಳುತ್ತಿದ್ದವನು ನಾನೊಬ್ಬನೇ.

ಸಂಜೆ ಹೋಟೆಲಿನಲ್ಲಿ ಮಾತ್ರೆ ನುಂಗಿ ಮಲಗಿದವಳು ಕಣ್ಣು ಮುಚ್ಚಿಕೊಂಡೇ ಹೇಳಿದಳು. "ಅವಳಿಗೆ ಗೊತ್ತಿತ್ತು, ಅಲ್ವಾ? ಪಾಪ, ಹೇಳ್ಲಿಲ್ಲ. ಮತ್ತೆ ನಾನೂ ಗೊತ್ತಾದ ಹಾಗೆ ಮಾಡ್ಲಿಲ್ಲ." ಆಮೇಲೆ ಹೊದಿಕೆ ಎಳೆದುಕೊಂಡು, "ಆದ್ರೆ ಗಾಡಿ ಚಂದ ಓಡಿಸಿದೆ. ಆ ಟೆಸ್ಟಿನವ ಇವತ್ತು ಇರ್ಬೇಕಿತ್ತು. ಹಿಂದಿನ ಸೀಟಿನಲ್ಲಿ ಚಕ್ಕುಲಿ ಇರ್ಲಿಲ್ಲ, ಅಷ್ಟೇ ವ್ಯತ್ಯಾಸ" ಅಂದಳು.

ಹಾರ

ಹಿಂದಿರುಗಿ ಬಂದ ಮೇಲೆ ಇವಳು ಏಳು ವಾರ ಇದ್ದಳು. ಕೊನೆಯ ವಾರ ಆ ಫೋಟೋವನ್ನು ಮಗಳಿಂದ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಮಂಚದ ಎದುರಿಗೆ ಇಡಿಸಿಕೊಂಡಿದ್ದಳು. "ನಾನು ಹೋದ ಮೇಲೆ ಇದನ್ನೇ ಇಡ್ಬೇಕು. ಬೇರೆ ಯಾವುದೂ ಬೇಡ" ಎಂದು ಮಗಳ ಕೈಯಿಂದ ಮಾತು ತೆಗೆದುಕೊಂಡಳು. ಮನೆಯೊಳಗೇ, ನಮ್ಮಿಬ್ಬರ ಕೈ ಹಿಡಿದುಕೊಂಡೇ ಹೋದಳು. ಆ ದಿನದಲ್ಲಿ ನಗುವಂಥದ್ದು ಏನೂ ನಡೆಯಲಿಲ್ಲ. ನಮ್ಮ ಮನೆಯ ಮಟ್ಟಿಗೆ ಅದೊಂದೇ ದಿನ ಹಾಗೆ.

ಹದಿಮೂರನೆಯ ದಿನದ ಕಾರ್ಯ ಮನೆಯಲ್ಲೇ ಮಾಡಿದೆವು. ಹಜಾರದ ತುಂಬ ನಮ್ಮೂರ ಕಡೆಯವರು ತಲೆ ತಗ್ಗಿಸಿ ಕೂತಿದ್ದರು. ಭಟ್ಟರು ಬ್ಯಾಂಕಿನ ಕೆಲಸಕ್ಕೆ ರಜೆ ಹಾಕಿ ಬ್ರ್ಯಾಂಪ್ಟನ್‌ನಿಂದ ಬಂದಿದ್ದರು. ಮಣೆಯ ಮೇಲೆ ಫೋಟೋ ಇಟ್ಟು, ಕುಂಕುಮ ಹಚ್ಚಿ, ಹಾರ ಎತ್ತಿಕೊಂಡವರು ಹಾಗೇ ನಿಂತರು. ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

ಫೋಟೋದಲ್ಲಿ ಮುಂದೆ ಇವಳು, ಸ್ಟಿಯರಿಂಗ್ ಹಿಡಿದು, ಬಾಯಿ ತುಂಬ ನಗುತ್ತಾ. ಅವಳ ಹಿಂದೆ, ಗಾಡಿಯ ತುದಿಯಲ್ಲಿ, ಬಗ್ಗಿದ ಒಬ್ಬ ಗಂಡಸಿನ ಬೋಳುತಲೆ ಮತ್ತು ಎರಡು ಕೈ.

"ಇದು ಯಾರು?" ಎಂದರು ಭಟ್ಟರು.

"ನಾನು" ಅಂದೆ.

"ಛೆ, ಆಗುದಿಲ್ಲ. ಬದುಕಿ ಇರುವವರ ಫೋಟೋಕ್ಕೆ ಹಾರ ಹಾಕುವ ಕ್ರಮ ಇಲ್ಲ. ಅಪಶಕುನ. ಬೇರೆ ಫೋಟೋ ಇಡಿ, ಇಲ್ಲದಿದ್ರೆ ಇವರನ್ನು ಕತ್ತರಿಸಿ ತೆಗೀರಿ."

ಬಂದವರು ಗುಸುಗುಸು ಶುರುಮಾಡಿದರು. ಒಬ್ಬರು ಇವಳ ಪಾಸ್‌ಪೋರ್ಟ್ ಫೋಟೋ ಆಗಬಹುದು ಎಂದರು. ಇನ್ನೊಬ್ಬರು, ಆಸ್ಪತ್ರೆಯಲ್ಲಿ ನೋಡಲು ಹೋದಾಗ ತೆಗೆದದ್ದು ತಮ್ಮ ಫೋನಿನಲ್ಲಿ ಉಂಟು ಎಂದು ತೋರಿಸಿದರು. ಮಂಚದ ಮೇಲೆ, ಮೂಗಿಗೆ ನಳಿಕೆ ಹಾಕಿಕೊಂಡು ಮಲಗಿದ ಇವಳು. ನಾನು ಆ ಫೋನನ್ನು ಕೈಯಿಂದ ದೂಡಿದೆ. ಯಾರೋ ಅಡುಗೆಮನೆಯಿಂದ ಕತ್ತರಿ ತಂದೂ ಬಿಟ್ಟರು.

ಮಗಳು ಎದ್ದು ಬಂದು ಫೋಟೋವನ್ನು ಎದೆಗೆ ಅವಚಿಕೊಂಡಳು. ಹದಿಮೂರು ದಿನದಿಂದ ಬಂದವರಿಗೆಲ್ಲ ಇಂಗ್ಲಿಷಿನಲ್ಲಿ ಥ್ಯಾಂಕ್ಯೂ ಹೇಳುತ್ತಿದ್ದವಳು, ಅತ್ತು ಊದಿದ ಮುಖದಲ್ಲಿ, ಎಲ್ಲರಿಗೂ ಕೇಳುವ ಹಾಗೆ, ಅಚ್ಚ ಕಾರ್ಕಳದ ಕನ್ನಡದಲ್ಲಿ ಕೇಳಿದಳು:

"ಅಪ್ಪನನ್ನು ಕತ್ತರಿಸಿದ್ರೆ ಅಮ್ಮನ ಗಾಡಿ ತಳ್ಳುದು ಯಾರು ಭಟ್ರೇ?"

ಕತ್ತರಿ ತಂದವರು ಅದನ್ನು ಬೆನ್ನ ಹಿಂದೆ ಸರಿಸಿದರು. ಆಮೇಲೆ ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಅದನ್ನು ಕೇಳಿ ಇನ್ನೊಬ್ಬರು. ನನಗೂ ತಡೆಯಲಾಗಲಿಲ್ಲ. ಕಣ್ಣೀರು ಸುರಿಯುತ್ತಿತ್ತು, ಹೊಟ್ಟೆ ಕುಲುಕುತ್ತಿತ್ತು.

ಭಟ್ಟರು ಮಾತ್ರ ನಗಲಿಲ್ಲ. ಮಗಳ ಕೈಯಿಂದ ಫೋಟೋ ತೆಗೆದುಕೊಂಡು ಮಣೆಯ ಮೇಲಿಟ್ಟರು. ಹಾರವನ್ನು ಎರಡು ಮಡಿಕೆ ಮಾಡಿ, ಇವಳಿದ್ದ ಭಾಗಕ್ಕೆ ಮಾತ್ರ ತಾಗುವ ಹಾಗೆ ಓರೆಯಾಗಿ ಹಾಕಿದರು. ನನ್ನ ಬೋಳುತಲೆಯ ಮೇಲೆ ಬಿದ್ದಿದ್ದ ಒಂದೇ ಒಂದು ಸೇವಂತಿಗೆ ಎಸಳನ್ನೂ ಬೆರಳಿನಿಂದ ಆಚೆ ಸರಿಸಿದರು. ಆಮೇಲೆ ಪೂರಾ ಗಂಭೀರವಾಗಿ ಹೇಳಿದರು:

"ಇರ್ಲಿ ಬಿಡಿ. ಅಮ್ಮ ಮುಂದೆ ಓಡಿಸ್ಲಿ. ಇವರು ಸ್ವಲ್ಪ ನಿಧಾನ ತಳ್ಳಿಕೊಂಡು ಬರ್ಲಿ."